ಭಾವ ಬಿಟ್ಟುಹೋದ ವೇಪು, ಜೊತೆಗೆ ಎರಡು ಬಿಡಿ ಶೆಲ್ಲು. ಏನು ಮಾಡಲಿ?

ಆರನೇ_ಬ್ಲಾಕ್ · ಶನಿವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ. ನಮ್ಮ ಅಕ್ಕ, ಭಾವ ಇರುವುದು ಮ್ಯಾಂಚೆಸ್ಟರ್‌ನಲ್ಲಿ. ಹೋದ ತಿಂಗಳು ರಾಜಾಜಿನಗರದ ಮನೆಗೆ ಬಂದು ಮೂರು ವಾರ ಇದ್ದು ಹೋದರು. ಈಗ ನೋಡಿದರೆ ಭಾವನ ವೇಪ್ ಕಿಟ್ಟು, ಅಂದರೆ ಇ-ಸಿಗರೇಟು, ಇಲ್ಲೇ ಉಳಿದುಬಿಟ್ಟಿದೆ. ಅವರು ಇಲ್ಲಿಗೆ ಅದನ್ನ ತಂದಿದ್ದೇ ನಮಗೆ ಗೊತ್ತಿರಲಿಲ್ಲ. ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಲೋಹದ ಡಬ್ಬಿ, ಒಂದು ಬಟನ್ನು, ಪುಟ್ಟ ಪರದೆ, ತಲೆಯ ಮೇಲೆ ಗಾಜಿನ ಟ್ಯಾಂಕು. ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಕೂರುವ ಜಾಗ ಖಾಲಿ.

ಬ್ಯಾಟರಿ ಎಲ್ಲಿ ಎಂದು ಹುಡುಕುತ್ತಿದ್ದೆ. ಅಮ್ಮ "ಯಾವುದೋ ದಪ್ಪ ಶೆಲ್ಲು ಬಿದ್ದಿತ್ತಪ್ಪ, ಟಾರ್ಚಿಂದು ಅಂದ್ಕೊಂಡು ಡಬ್ಬಿಗೆ ಹಾಕಿಟ್ಟೆ" ಎಂದರು. ಟಿವಿ ಕೆಳಗಿನ ಸ್ಟೀಲ್ ಡಬ್ಬಿ. ಎಲ್ಲರ ಮನೆಯಲ್ಲೂ ಒಂದು ಇರುತ್ತದಲ್ಲ, ಹಳೆ ಬೀಗದ ಕೈ, ಚಿಲ್ಲರೆ, ಸೇಫ್ಟಿ ಪಿನ್ನು, ಮುರಿದ ವಾಚು ಎಲ್ಲ ಸೇರಿಕೊಂಡಿರುವ ಡಬ್ಬಿ, ಅದು. ಒಳಗೆ ಎರಡು ಶೆಲ್ಲು. ಎರಡೂ ಗುಲಾಬಿ ಬಣ್ಣ, ಪೆನ್ಸಿಲ್ ಶೆಲ್ಲಿಗಿಂತ ದಪ್ಪ.

ನನ್ನ ಪ್ರಶ್ನೆಗಳು: ಇದು ಹೇಗೆ ಕೆಲಸ ಮಾಡುತ್ತದೆ? ಈ ಶೆಲ್ಲನ್ನ ನಮ್ಮ ಟಾರ್ಚಿನ ಚಾರ್ಜರಿಗೆ ಹಾಕಬಹುದಾ? ಎಲ್ಲ ಪ್ಯಾಕ್ ಮಾಡಿ ಭಾವನಿಗೆ ಕೊರಿಯರ್ ಕಳಿಸಬಹುದಾ? ಕೊನೆಯದು, ಸ್ವಲ್ಪ ನಾಚಿಕೆಯಿಂದಲೇ ಕೇಳುತ್ತೇನೆ. ನಾನು ದಿನಕ್ಕೆ ಎಂಟೋ ಒಂಬತ್ತೋ ಸಿಗರೇಟು ಸೇದುತ್ತೇನೆ, ಮನೆಯಲ್ಲಿ ಗೊತ್ತಿಲ್ಲ. ಹೇಗೂ ಕೈಗೆ ಸಿಕ್ಕಿದೆ, ಇದರಲ್ಲೇ ಶುರು ಮಾಡಿ ಸಿಗರೇಟು ಬಿಟ್ಟರೆ ಹೇಗೆ?

ಸೋಲ್ಡರ್_ಸೀನ · 10:19

ಬೇರೆ ಮಾತು ಆಮೇಲೆ. ಈಗಲೇ ಎದ್ದು ಹೋಗಿ ಆ ಎರಡೂ ಶೆಲ್ಲು ಡಬ್ಬಿಯಿಂದ ಹೊರಗೆ ತೆಗೆಯಿರಿ. ಒಂದೊಂದಾಗಿ. ಉಂಗುರ ಇದ್ದರೆ ಮೊದಲು ಕಳಚಿಡಿ. ಎರಡೂ ತುದಿಗೆ ಸೆಲ್ಲೋಟೇಪ್ ಅಂಟಿಸಿ, ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಟೈಲ್ಸ್ ನೆಲದ ಮೇಲೆ ಇಡಿ. ಹಾಸಿಗೆ, ಸೋಫಾ, ಪರದೆ ಹತ್ತಿರ ಬೇಡ. ಮುಟ್ಟಿದಾಗ ಬಿಸಿ ಇದ್ದರೆ ಬಿಟ್ಟು ದೂರ ಬಂದು ಇಲ್ಲಿ ಬರೆಯಿರಿ.

ಬಿಸಿಬೇಳೆ_ಮಾವ · 10:24

ಸೀನ ಇಷ್ಟು ಸೀರಿಯಸ್ ಆಗಿದ್ದನ್ನ ನಾನು ನೋಡೇ ಇಲ್ಲ. ಹೋಗಪ್ಪ, ಹೇಳಿದ ಹಾಗೆ ಮಾಡು.

ಆರನೇ_ಬ್ಲಾಕ್ · 10:43

ಮಾಡಿದೆ ಸಾರ್. ಬಿಸಿ ಇರಲಿಲ್ಲ. ಆದರೆ ಒಂದು ವಿಷಯ ನೋಡಿ ಕೈ ನಡುಗಿತು. ಒಂದು ಶೆಲ್ಲಿನ ಗುಲಾಬಿ ಪ್ಲಾಸ್ಟಿಕ್ಕು ಮೇಲ್ತುದಿಯ ಹತ್ತಿರ ಕಿತ್ತುಬಂದಿದೆ, ಕಿರುಬೆರಳಿನ ಉಗುರಿನಷ್ಟು. ಒಳಗೆ ಸ್ಟೀಲು ಹೊಳೆಯುತ್ತಿದೆ. ಅದರ ಪಕ್ಕದಲ್ಲಿದ್ದ ಐದು ರೂಪಾಯಿ ನಾಣ್ಯದ ಅಂಚಿನಲ್ಲಿ ಎಳ್ಳು ಕಾಳಿನಷ್ಟು ಕರಿ ಚುಕ್ಕೆ. ಉಜ್ಜಿದರೆ ಹೋಗುತ್ತಿಲ್ಲ, ಉಗುರಿಗೆ ಸಣ್ಣ ಗುಣಿ ತಾಗುತ್ತದೆ. ಇದು ಶೆಲ್ಲು ತಾಗಿ ಕಿಡಿ ಹಾರಿದ ಗುರುತಾ?

ಶೆಲ್ಲಿನ ಮೇಲೆ ಐಎನ್‌ಆರ್18650-30ಕ್ಯೂ ಎಂದು ಬರೆದಿದೆ.

ಸೋಲ್ಡರ್_ಸೀನ · 11:15

ಅದೇ. ಎಲ್ಲೋ ಒಂದು ಕ್ಷಣ ತಾಗಿ ಕಿಡಿ ಹಾರಿದೆ, ಆಮೇಲೆ ನಾಣ್ಯ ಜಾರಿದೆ. ಜಾರದೇ ಇದ್ದಿದ್ದರೆ ನೀವು ಈಗ ಬೇರೆ ಥರದ ಪೋಸ್ಟ್ ಹಾಕುತ್ತಿದ್ದಿರಿ.

ಯಾಕೆ ಅಂತ ಹೇಳುತ್ತೇನೆ, ಇದು ಎಲ್ಲರಿಗೂ ಗೊತ್ತಿರಬೇಕು. 18650 ಅನ್ನುವುದು ಅಳತೆ. 18 ಮಿ.ಮೀ. ಅಡ್ಡ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ಅಂದರೆ ಉರುಳೆ ಆಕಾರ. ಹಳೆ ಲ್ಯಾಪ್‌ಟಾಪ್ ಬ್ಯಾಟರಿ, ಎಷ್ಟೋ ಪವರ್ ಬ್ಯಾಂಕು, ಒಳ್ಳೆ ಟಾರ್ಚು, ಇವುಗಳ ಹೊಟ್ಟೆಯಲ್ಲಿ ಇದೇ ಇರುತ್ತದೆ. ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್ ಇತ್ತಲ್ಲ, ಅದರಲ್ಲಿ ಇಂಥ 6,831 ಶೆಲ್ಲು ಜೋಡಿಸಿದ್ದರು. ಅಷ್ಟು ನಂಬಿಕೆಯ ಸಾಮಾನು. ಆದರೆ ಪ್ಯಾಕಿನೊಳಗೆ ಇದ್ದಾಗ ಅದಕ್ಕೆ ಕಾವಲಿಗೆ ಒಂದು ಸರ್ಕ್ಯೂಟ್ ಇರುತ್ತದೆ. ಬಿಡಿಯಾಗಿ ಕೈಗೆ ಬಂದಾಗ ಆ ಕಾವಲು ಇಲ್ಲ.

ಗೋಡೆಗಡಿಯಾರದ ಶೆಲ್ಲಿನಲ್ಲಿ ಒಂದು ತುದಿ ಪ್ಲಸ್ಸು, ಇನ್ನೊಂದು ತುದಿ ಮೈನಸ್ಸು ಅಂತ ನಾವು ತಿಳಿದಿರುತ್ತೇವೆ. ಇದರಲ್ಲಿ ಹಾಗಲ್ಲ. ಮೇಲಿನ ಸಣ್ಣ ಬಿಲ್ಲೆ ಮಾತ್ರ ಪ್ಲಸ್ಸು. ಕೆಳಗಿನ ತುದಿ, ಸುತ್ತ ಇರುವ ಸ್ಟೀಲ್ ಕೊಳವೆ, ಮೇಲ್ಗಡೆ ಮಡಚಿರುವ ಅಂಚು, ಪೂರ್ತಿ ಮೈನಸ್ಸು. ಪ್ಲಸ್ಸಿಗೂ ಆ ಅಂಚಿಗೂ ನಡುವೆ ಎರಡು ಮಿಲಿಮೀಟರೋ ಏನೋ ಜಾಗ. ಅಲ್ಲಿ ಒಂದು ಬಿಳಿ ಕಾಗದದ ರಿಂಗು, ಅದರ ಮೇಲೆ ಗುಲಾಬಿ ಪ್ಲಾಸ್ಟಿಕ್ಕು, ಇಷ್ಟೇ ರಕ್ಷಣೆ. ನಿಮ್ಮ ಶೆಲ್ಲಿನಲ್ಲಿ ಹರಿದಿರುವುದು ಸರಿಯಾಗಿ ಅದೇ ಜಾಗ. ಒಂದು ನಾಣ್ಯ ಅಡ್ಡ ಬಿದ್ದರೆ ಸಾಕು.

ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. ಐದಾರು ವರ್ಷದ ಹಿಂದೆ ಎಸ್‌ಪಿ ರೋಡಿನಲ್ಲಿ ಟಾರ್ಚಿಗೆ ಎರಡು ಶೆಲ್ಲು ತೆಗೆದುಕೊಂಡೆ. ಚೀಲ ಇರಲಿಲ್ಲ, ಪ್ಯಾಂಟ್ ಜೇಬಿಗೆ ಹಾಕಿದೆ. ಗಾಡಿ ಕೀ ತೆಗೆದು ಗಾಡಿಗೆ ಹಾಕಿದ್ದೆ, ಆದರೆ ಮನೆ ಬೀಗದ ಕೈ ಅದೇ ಜೇಬಿನಲ್ಲಿ. ಟೌನ್‌ಹಾಲ್ ಸಿಗ್ನಲ್ ದಾಟುವಷ್ಟರಲ್ಲಿ ತೊಡೆ ಚುರ್ ಎಂದಿತು. ಮೊದಲು ಇರುವೆ ಅಂದುಕೊಂಡೆ. ಗಾಡಿ ನಿಲ್ಲಿಸಿ ಜೇಬು ಹೊರಗೆಳೆದೆ. ಬೀಗದ ಕೈ ಮುಟ್ಟಲು ಆಗದಷ್ಟು ಕಾದಿತ್ತು. ಶೆಲ್ಲು ರಸ್ತೆಗೆ ಬಿತ್ತು, ಉರಿ ಏಳಲಿಲ್ಲ, ಪುಣ್ಯ. ತೊಡೆಯ ಮೇಲೆ ಬೀಗದ ಕೈ ಆಕಾರದ ಕಲೆ ಈಗಲೂ ಇದೆ. ಹೆಂಡತಿ ಅದನ್ನ ಎಸ್‌ಪಿ ರೋಡ್ ಹಚ್ಚೆ ಅನ್ನುತ್ತಾಳೆ.

ಟಾರ್ಚಿನ ಚಾರ್ಜರಿಗೆ ಹಾಕಬೇಡಿ, ಸದ್ಯಕ್ಕೆ ಯಾವುದಕ್ಕೂ ಹಾಕಬೇಡಿ. ಮಲ್ಟಿಮೀಟರ್ ಯಾರ ಹತ್ತಿರವಾದರೂ ಇದ್ದರೆ ಎರಡರದ್ದೂ ವೋಲ್ಟೇಜ್ ನೋಡಿ ಬರೆಯಿರಿ.

ಲೆಸ್ಟರ್_ಕನ್ನಡಿಗ · 11:38

ಇಲ್ಲಿ ಇಂಗ್ಲೆಂಡಿನಲ್ಲಿ ಇನ್ನೂ ಸಂಜೆ. ನಾನೂ ಇಂಥದ್ದೇ ಒಂದು ಬಳಸುತ್ತೇನೆ, ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಾನು ಉತ್ತರ ಕೊಡುತ್ತೇನೆ.

ಟ್ಯಾಂಕಿನೊಳಗೆ ಕಾಯಿಲ್ ಅಂತ ಇದೆ. ಸಣ್ಣ ಲೋಹದ ತಂತಿ ಅಥವಾ ಜಾಲರಿ, ಸುತ್ತ ಹತ್ತಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಹತ್ತಿ ಟ್ಯಾಂಕಿನ ದ್ರವ ಹೀರುತ್ತದೆ. ಬಟನ್ ಒತ್ತಿದರೆ ತಂತಿ ಕಾಯುತ್ತದೆ, ದ್ರವ ಆವಿಯಾಗುತ್ತದೆ, ನೀವು ಎಳೆಯುತ್ತೀರಿ. ದ್ರವ ಅಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ರುಚಿ, ನಿಕೋಟಿನ್. ಹೊಗೆಸೊಪ್ಪು ಸುಡುವುದಿಲ್ಲ, ಆದ್ದರಿಂದ ಟಾರ್ ಇಲ್ಲ. ನಿಕೋಟಿನ್ ಮಾತ್ರ ಇದ್ದೇ ಇದೆ.

ಹೊಸ ಕಾಯಿಲ್ ಹಾಕಿದರೆ ಹತ್ತಿಯ ಮೇಲೆ ನಾಲ್ಕು ಹನಿ ಹಾಕಿ, ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಸುಮ್ನೆ ಬಿಡಬೇಕು. ಅವಸರ ಮಾಡಿ ಒತ್ತಿದರೆ ಒಣ ಹತ್ತಿ ಕರಕಲಾಗುತ್ತದೆ. ಆ ರುಚಿ ಹೇಗೆ ಅಂದರೆ, ಸಾರು ತಳ ಹತ್ತಿದ ಪಾತ್ರೆ ನೆಕ್ಕಿದ ಹಾಗೆ. ಕಾಯಿಲ್ ಬಿಸಾಕಬೇಕು, ಬೇರೆ ದಾರಿ ಇಲ್ಲ. ಬಟನ್ ಐದು ಸಲ ಬೇಗ ಬೇಗ ಒತ್ತಿದರೆ ಆನ್, ಮತ್ತೆ ಐದು ಸಲ ಒತ್ತಿದರೆ ಆಫ್. ಇದು ಹೆಚ್ಚಿನ ಕಿಟ್ಟುಗಳಲ್ಲಿ ಹಾಗೇ.

ಈಗ ಶೆಲ್ಲಿನ ವಿಷಯ. ಇಲ್ಲಿ 2025ರ ಜೂನ್ 1ರಿಂದ ಬಳಸಿ ಎಸೆಯುವ ವೇಪು ಮಾರುವ ಹಾಗಿಲ್ಲ. ಅದಕ್ಕೂ ಮೊದಲು ಫುಟ್‌ಪಾತ್ ಮೇಲೆಲ್ಲ ಅವೇ ಬಿದ್ದಿರುತ್ತಿದ್ದವು, ಪ್ರತಿಯೊಂದರ ಒಳಗೂ ಒಂದು ಲಿಥಿಯಂ ಬ್ಯಾಟರಿ. ಕಸದ ಲಾರಿಗಳಿಗೆ ಬೆಂಕಿ ಬೀಳುತ್ತಿತ್ತು. ಈಗ ಎಲ್ಲರೂ ಮರುಪೂರಣ ಮಾಡುವ ಕಿಟ್ಟಿಗೆ ಬಂದಿದ್ದಾರೆ. ಅದರಲ್ಲಿ ಬ್ಯಾಟರಿ ಬದಲಿಸಬಹುದಾದ್ದು ನನಗೆ ಇಷ್ಟ. ಒಳಗೇ ಅಂಟಿಸಿದ ಬ್ಯಾಟರಿ ಇದ್ದರೆ ಅದು ಸೊರಗಿದ ದಿನ ಇಡೀ ಕಿಟ್ಟು ಕಸ. ಇದರಲ್ಲಿ ಶೆಲ್ಲು ಮಾತ್ರ ಬದಲಾಯಿಸಿದರೆ ಆಯಿತು. ಒಂದು ಒಳಗೆ, ಒಂದು ಚಾರ್ಜಿನಲ್ಲಿ. ಆದರೆ ಸೀನಣ್ಣ ಹೇಳಿದ ಅಪಾಯ ಇರುವುದೂ ಇದಕ್ಕೇ. ಶೆಲ್ಲು ಹೊರಗೆ ಬರುತ್ತದೆ, ಹೊರಗೆ ಬಂದದ್ದು ಜೇಬಿಗೆ ಹೋಗುತ್ತದೆ. ನಿಮ್ಮ ಭಾವ ಶೆಲ್ಲಿನ ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟುಕೊಳ್ಳದೆ ಬಿಡಿಯಾಗಿ ಬಿಟ್ಟುಹೋಗಿದ್ದು ತಪ್ಪು. ಮೂರು ರೂಪಾಯಿ ಸಾಮಾನಿನಂಥ ಪೆಟ್ಟಿಗೆ ಅದು.

ಡಿಪ್ಲೊಮಾ_ಫೇಲ್ · 11:52

ಒಂದು ಡೌಟು. ಶೆಲ್ಲು ಅಂದರೆ ಶೆಲ್ಲು ಅಲ್ವಾ? ನನ್ನ ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಒಡೆದಾಗ ಆರು ಸಿಕ್ಕಿದ್ದವು, ಅವು ಟಾರ್ಚಿಗೆ ಚೆನ್ನಾಗಿ ನಡೆಯುತ್ತಿವೆ. ಇಂಥ ಕಿಟ್ಟಿಗೂ ನಡೆಯಬೇಕಲ್ಲ?

ಸೋಲ್ಡರ್_ಸೀನ · ಭಾನುವಾರ ಬೆಳಗ್ಗೆ 7:30

ನಡೆಯುವುದಿಲ್ಲ. ತೊಟ್ಟಿಯಲ್ಲಿ ನೀರು ಎಷ್ಟಿದೆ ಅನ್ನುವುದು ಬೇರೆ, ನಲ್ಲಿ ಎಷ್ಟು ಜೋರಾಗಿ ಬಿಡುತ್ತದೆ ಅನ್ನುವುದು ಬೇರೆ. ಲ್ಯಾಪ್‌ಟಾಪ್ ಶೆಲ್ಲಿಗೆ ನಿಧಾನ ಕೊಟ್ಟು ಅಭ್ಯಾಸ. ವೇಪು ಎಲ್ಲವನ್ನೂ ಒಂದೇ ಸಲಕ್ಕೆ ಕೇಳುತ್ತದೆ.

ಲೆಕ್ಕ ಹಾಕಿ ನೋಡಿ. ಪರದೆಯಲ್ಲಿ 40 ವ್ಯಾಟ್ ಇಟ್ಟಿದ್ದೀರಿ ಅನ್ನಿ. ಶೆಲ್ಲು ಖಾಲಿಯಾಗುತ್ತ 3.2 ವೋಲ್ಟಿಗೆ ಇಳಿದಿದೆ. ಒಳಗಿನ ಸರ್ಕ್ಯೂಟಿನಲ್ಲಿ ನೂರಕ್ಕೆ ಹತ್ತು ಭಾಗ ನಷ್ಟ ಅಂತ ಇಟ್ಟುಕೊಳ್ಳಿ. 40ನ್ನು 3.2ರಿಂದ ಭಾಗಿಸಿ, ಮತ್ತೆ 0.9ರಿಂದ ಭಾಗಿಸಿ. ಹತ್ತಿರ ಹತ್ತಿರ 14 ಆಂಪಿಯರ್. ಗಮನಿಸಿ, ಚಾರ್ಜು ಕಮ್ಮಿ ಆದಷ್ಟೂ ಎಳೆತ ಜಾಸ್ತಿ. ಎಲ್ಲರೂ ಉಲ್ಟಾ ತಿಳಿದಿರುತ್ತಾರೆ. ಇವರ ಹತ್ತಿರ ಇರುವ 30ಕ್ಯೂ ಸ್ಯಾಮ್‌ಸಂಗ್ ಶೆಲ್ಲು, ತೊಟ್ಟಿ 3000 ಎಂಎಎಚ್, ನಲ್ಲಿ ಸತತವಾಗಿ 15 ಆಂಪಿಯರ್ ಕೊಡಬಲ್ಲದು. ಅಂದರೆ 40 ವ್ಯಾಟಿಗೇ ಅಂಚಿಗೆ ಬಂದಿತು. ಲ್ಯಾಪ್‌ಟಾಪಿನ ಶೆಲ್ಲು ಅಷ್ಟು ಕೊಡಲು ಹೋದರೆ ಕಾದು ಕೆಂಡ.

ಪರದೆ ಇರುವ ಕಿಟ್ಟಿನಲ್ಲಿ ಸರ್ಕ್ಯೂಟ್ ನೋಡಿಕೊಳ್ಳುತ್ತದೆ, ಶೆಲ್ಲು ತಿರುಗಾಮುರುಗಾ ಹಾಕಿದರೆ ಆನ್ ಆಗುವುದಿಲ್ಲ, ತೀರಾ ಇಳಿದರೆ ತಾನೇ ನಿಲ್ಲಿಸುತ್ತದೆ. ಸರ್ಕ್ಯೂಟೇ ಇಲ್ಲದ ಮೆಕ್ಯಾನಿಕಲ್ ಅನ್ನುವ ಜಾತಿ ಇದೆ, ಬರೀ ಲೋಹದ ಕೊಳವೆ. ಅದರಲ್ಲಿ 0.2 ಓಮ್ ಕಾಯಿಲ್ ಹಾಕಿದರೆ ತುಂಬಿದ ಶೆಲ್ಲು 4.2 ವೋಲ್ಟಿಗೆ 21 ಆಂಪಿಯರ್ ಸುರಿಯುತ್ತದೆ, ಹೇಳುವವರು ಕೇಳುವವರು ಯಾರೂ ಇಲ್ಲ. ಅಮೆರಿಕದಲ್ಲಿ 2018ರಲ್ಲಿ ಫ್ಲಾರಿಡಾದಲ್ಲಿ ಒಬ್ಬರು, 2019ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬರು ವೇಪು ಸಿಡಿದೇ ಸತ್ತರು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 2021ರಲ್ಲಿ ಬಿಡಿ 18650 ಕೊಳ್ಳಲೇಬೇಡಿ, ಬಳಸಲೇಬೇಡಿ ಎಂದು ಎಚ್ಚರಿಕೆ ಕೊಟ್ಟಿತು. ನನ್ನಂಥ ಟಾರ್ಚ್ ಹುಚ್ಚರಿಗೆ ಅದು ಸ್ವಲ್ಪ ಅತಿ ಅನ್ನಿಸಿತು. ತೊಡೆ ನೋಡಿಕೊಂಡಾಗ ಅತಿ ಅನ್ನಿಸುವುದಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. 9900 ಎಂಎಎಚ್ ಎಂದು ಬರೆದ 18650 ಕಂಡರೆ ಮುಟ್ಟಬೇಡಿ. ಈ ಗಾತ್ರದಲ್ಲಿ ನಿಜವಾದ ಶೆಲ್ಲು 3500, 3600ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನನಗೂ ಒಂದು ಅಂಗಡಿಯಲ್ಲಿ ಅಂಥದ್ದು ಕೊಟ್ಟಿದ್ದರು. ಮನೆಗೆ ತಂದು ಅಡುಗೆ ಮನೆ ತಕ್ಕಡಿಯಲ್ಲಿ ತೂಗಿದೆ. ಒಳ್ಳೆ ಶೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ, ಅದು 30 ಸಹ ಇರಲಿಲ್ಲ. ವಾಪಸ್ ಕೊಡಲು ಹೋದರೆ "ಲೈಟ್ ವೇಟ್ ಮಾಡೆಲ್ ಸಾರ್" ಎಂದ ಪುಣ್ಯಾತ್ಮ.

ಬಿಸಿಬೇಳೆ_ಮಾವ · 8:05

ಲೈಟ್ ವೇಟ್ ಮಾಡೆಲ್!! ಕಾಫಿ ಮೂಗಿಗೆ ಹತ್ತಿತು ಕಣೋ.

ಕೋರ್ಟ್_ಹಾಲ್_ಹನ್ನೆರಡು · 9:20

ಕೊರಿಯರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಳಿಸಬೇಡಿ.

ನಮ್ಮ ದೇಶದಲ್ಲಿ ಇ-ಸಿಗರೇಟು ನಿಷೇಧ. 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆ ಆಯಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2016ರಲ್ಲೇ ನಿಲ್ಲಿಸಿದ್ದರು. ಕಾಯ್ದೆಯಲ್ಲಿ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಬರುತ್ತವೆ. ಪೂರ್ತಿ ಸಾಮಾನು ಮಾತ್ರ ಅಲ್ಲ, ಅದರ ಬಿಡಿ ಭಾಗವೂ ಸೇರುತ್ತದೆ. ನಿಕೋಟಿನ್ ಇದೆಯೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಎರಡನೇ ಸಲ ಮೂರು ವರ್ಷ, ಐದು ಲಕ್ಷ. ದಾಸ್ತಾನು ಇಡಲು ಜಾಗ ಕೊಟ್ಟವರಿಗೆ ಆರು ತಿಂಗಳು ಅಥವಾ ಐವತ್ತು ಸಾವಿರ ಅಥವಾ ಎರಡೂ.

ಸೇದುವುದಕ್ಕೆ ಅಂತ ಪ್ರತ್ಯೇಕ ಶಿಕ್ಷೆ ಬರೆದಿಲ್ಲ, ನಿಜ. ಅದನ್ನ ಹಿಡಿದುಕೊಂಡು ಕೆಲವರು "ಸೇದಬಹುದು" ಎಂದು ವಾದ ಮಾಡುತ್ತಾರೆ. ಕಾಯಿಲ್ ಎಲ್ಲಿಂದ ತರುತ್ತೀರಿ? ದ್ರವ ಎಲ್ಲಿಂದ? ಕೊಟ್ಟವನು, ತಂದವನು ಎಲ್ಲರೂ ಕಾಯ್ದೆಯೊಳಗೆ. ನಿಮ್ಮ ಭಾವ ಏರ್‌ಪೋರ್ಟಿನಲ್ಲಿ ಇದನ್ನ ದಾಟಿಸಿದ್ದು ಅದೃಷ್ಟ. ಮುಂದಿನ ಸಲ ಬರುವಾಗ ಅಲ್ಲೇ ಬಿಟ್ಟು ಬರಲು ಹೇಳಿ.

ಹರಿದ ಲಿಥಿಯಂ ಶೆಲ್ಲನ್ನು ಪಾರ್ಸೆಲಿನಲ್ಲಿ ಹಾಕುವುದು ಕಾಯ್ದೆ ಇಲ್ಲದಿದ್ದರೂ ತಪ್ಪೇ. ವಿಮಾನದ ಹೊಟ್ಟೆಯಲ್ಲಿ ಹೊತ್ತಿದರೆ ಯಾರು ಆರಿಸುತ್ತಾರೆ? ಬಿಡಿ ಶೆಲ್ಲನ್ನು ಕ್ಯಾಬಿನ್ ಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ ಅನ್ನುವ ನಿಯಮ ಇರುವುದು ಅದಕ್ಕೇ.

ಮಗಾ_ಜೆಪಿನಗರ · 9:41

ಸರಿ ಸರಿ ಲಾಯರ್ ಸಾಹೇಬ್ರೇ. ಟ್ಯಾಂಕಿಗೆ ಹಾಕೋ ಜ್ಯೂಸು ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ, ಯಾರಾದ್ರೂ ಇನ್‌ಬಾಕ್ಸ್ ಮಾಡಿ ಗುರು.

ಕಟ್ಟೆ_ಕಾವಲುಗಾರ · 9:50

ಇಲ್ಲಿ ಅದೆಲ್ಲ ನಡೆಯುವುದಿಲ್ಲ ಗುರು. ಇನ್ನೊಂದು ಸಲ ಕೇಳಿದರೆ ಖಾತೆ ಮುಚ್ಚುತ್ತೇನೆ. ಉಳಿದವರು ಮುಂದುವರಿಸಿ.

ರಾತ್ರಿಪಾಳಿ · ಮಧ್ಯಾಹ್ನ 1:10

ಡ್ಯೂಟಿ ಮುಗಿಸಿ ಮಲಗಿ ಈಗ ಎದ್ದೆ. ನಾನು ನರ್ಸ್, ಮಕ್ಕಳ ವಾರ್ಡ್. ಎಲ್ಲರೂ ಶೆಲ್ಲು ಶೆಲ್ಲು ಅನ್ನುತ್ತಿದ್ದೀರಿ, ದ್ರವದ ಬಾಟಲಿ ಎಲ್ಲಿ? ಆರನೇ ಬ್ಲಾಕ್ ತಮ್ಮಾ, ಕಿಟ್ಟು ಬಿಟ್ಟುಹೋದವರು ಬಾಟಲಿಯನ್ನೂ ಬಿಟ್ಟುಹೋಗಿರುತ್ತಾರೆ. ಹುಡುಕಿ.

ಆರನೇ_ಬ್ಲಾಕ್ · 1:48

ಅಕ್ಕಾ, ನೀವು ಹೇಳಿದ್ದು ಸರಿ. ಗೆಸ್ಟ್ ರೂಮಿನ ಬಾತ್‌ರೂಮಿನಲ್ಲಿ, ಕನ್ನಡಿ ಹಿಂದಿನ ಗೂಡಿನಲ್ಲಿ, ಕಣ್ಣಿಗೆ ಹಾಕುವ ಡ್ರಾಪ್ಸ್ ಪಕ್ಕ ಇತ್ತು. 10 ಎಂಎಲ್ ಬಾಟಲಿ, ಅರ್ಧ ಇದೆ. 20 ಮಿ.ಗ್ರಾಂ. ಎಂದಿದೆ. ಮಾವಿನಹಣ್ಣಿನ ವಾಸನೆ. ಬಾಟಲಿ ನೋಡಿದರೆ ಐ ಡ್ರಾಪ್ಸ್ ಥರವೇ ಇದೆ!!

ರಾತ್ರಿಪಾಳಿ · 2:05

ನನಗೆ ಇದೇ ಭಯ ಇತ್ತು. 10 ಎಂಎಲ್, ಮಿಲಿಲೀಟರಿಗೆ 20 ಮಿ.ಗ್ರಾಂ. ಅಂದರೆ ತುಂಬಿದ ಬಾಟಲಿಯಲ್ಲಿ 200 ಮಿ.ಗ್ರಾಂ. ನಿಕೋಟಿನ್. ಅರ್ಧ ಉಳಿದಿದ್ದರೂ 100. ಮಾವಿನಹಣ್ಣಿನ ವಾಸನೆ ಬರುವ ಸಿಹಿ ನೀರು, ಎರಡು ವರ್ಷದ ಮಗುವಿನ ಕೈಗೆ ಸಿಕ್ಕಿದರೆ ಯೋಚನೆ ಮಾಡಿ. ವಾಂತಿ, ಬೆವರು, ಎದೆ ಬಡಿತ, ಫಿಟ್ಸ್, ಉಸಿರು ನಿಲ್ಲುವವರೆಗೂ ಹೋಗಬಹುದು. ಚರ್ಮಕ್ಕೆ ಚೆಲ್ಲಿದರೂ ಒಳಗೆ ಇಳಿಯುತ್ತದೆ. ಕೈಗೆ ತಾಗಿದ್ದರೆ ಸೋಪು ಹಾಕಿ ತೊಳೆಯಿರಿ. ಸಿಂಕಿಗೆ ಸುರಿಯಬೇಡಿ. ಮುಚ್ಚಳ ಬಿಗಿ ಮಾಡಿ, ಕವರಿನಲ್ಲಿ ಕಟ್ಟಿ, ಮೇಲೆ ವಿಷ ಎಂದು ಬರೆದು ಎತ್ತರದಲ್ಲಿಡಿ. ಹಳೆ ಔಷಧಿ, ಪೇಂಟು ಕೊಡುವ ಹಾಗೆ ಬೇರೆಯಾಗಿ ಕೊಡಬೇಕು. ಕಸದ ಗಾಡಿಯ ಅಕ್ಕನಿಗೆ ಇದು ಏನು ಅಂತ ಬಾಯಿಬಿಟ್ಟು ಹೇಳಿ ಕೊಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಸಿಗರೇಟು ಬಿಡಬೇಕು ಎಂಬ ಆಸೆ ಬಂದಿದೆಯಲ್ಲ, ಅದು ಒಳ್ಳೆಯದೇ. ದಾರಿ ಮಾತ್ರ ಇದಲ್ಲ. ಇಂಗ್ಲೆಂಡಿನಲ್ಲಿ ವೇಪು ಸಿಗರೇಟಿಗಿಂತ ಕಮ್ಮಿ ಕೆಟ್ಟದ್ದು ಎಂದು ಅವರ ಆರೋಗ್ಯ ಇಲಾಖೆಯೇ ಹೇಳುತ್ತದೆ, ಸುರಕ್ಷಿತ ಎಂದು ಹೇಳುವುದಿಲ್ಲ. ಅಲ್ಲಿ ದ್ರವಕ್ಕೆ ಅಳತೆ ಇದೆ, ತಪಾಸಣೆ ಇದೆ. ಇಲ್ಲಿ ಕದ್ದು ಮಾರುವ ಬಾಟಲಿಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು? 2019ರಲ್ಲಿ ಅಮೆರಿಕದಲ್ಲಿ ಜನ ಸಾಲುಸಾಲಾಗಿ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ, ಸತ್ತವರು 68. ಬಹುಪಾಲು ಗಾಂಜಾ ಅಂಶದ ಕಳ್ಳ ಕಾರ್ಟ್ರಿಡ್ಜು, ಅದಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ಲೆಸ್ಟರ್‌ನವರಿಗೆ ಸಿಗುವುದೂ ನಿಮಗೆ ಸಿಗುವುದೂ ಒಂದೇ ಅಲ್ಲ.

ಲೆಸ್ಟರ್_ಕನ್ನಡಿಗ · 2:30

ಒಪ್ಪುತ್ತೇನೆ ಮೇಡಂ. ಇಲ್ಲಿ ಬಾಟಲಿ 10 ಎಂಎಲ್ ಮೀರುವ ಹಾಗಿಲ್ಲ, ಟ್ಯಾಂಕು 2 ಎಂಎಲ್ ಮೀರುವ ಹಾಗಿಲ್ಲ, ನಿಕೋಟಿನ್ ಮಿಲಿಲೀಟರಿಗೆ 20 ಮಿ.ಗ್ರಾಂ. ಮೀರುವ ಹಾಗಿಲ್ಲ. ಮಾರುವ ಅಂಗಡಿಯವನೇ ಹಳೆಯದನ್ನ ವಾಪಸ್ ತೆಗೆದುಕೊಳ್ಳಬೇಕು. ಇಷ್ಟೆಲ್ಲ ಇದ್ದೂ ನಾನು ಮೂರು ವರ್ಷದಿಂದ ಇದನ್ನೂ ಬಿಡಲು ಆಗದೆ ಒದ್ದಾಡುತ್ತಿದ್ದೇನೆ. ಸಿಗರೇಟಿಗೆ ಹೊರಗೆ ಹೋಗಬೇಕಿತ್ತು, ಚಳಿಗೆ ಹೆದರಿ ಎಷ್ಟೋ ಸಲ ಹೋಗುತ್ತಿರಲಿಲ್ಲ. ಇದು ಸೋಫಾದಲ್ಲೇ ಕೈಗೆ ಬರುತ್ತದೆ. ನಿಜ ಹೇಳಬೇಕಂದರೆ ನಿಕೋಟಿನ್ ಮೊದಲಿಗಿಂತ ಜಾಸ್ತಿಯೇ ಎಳೆಯುತ್ತಿದ್ದೇನೋ ಏನೋ.

ಬಿಸಿಬೇಳೆ_ಮಾವ · 4:15

ಈಗ ನನ್ನ ಸರದಿ. 22 ವರ್ಷ ಸೇದಿದವನು ನಾನು. ಬಿಟ್ಟು ನಾಲ್ಕು ವರ್ಷ ಆಯಿತು.

ಆರನೇ ಬ್ಲಾಕ್ ಮಗಾ, ನಿನ್ನ ಎಂಟು ಒಂಬತ್ತರಲ್ಲಿ ನಿಜವಾಗಲೂ ಬೇಕಾಗಿ ಸೇದುವುದು ಎಷ್ಟು ಲೆಕ್ಕ ಹಾಕು. ನನಗೆ ಬೆಳಗಿನದ್ದೊಂದು, ಊಟದ ನಂತರದ್ದೊಂದು. ಮಿಕ್ಕಿದ್ದೆಲ್ಲ ಆಫೀಸ್ ಪಕ್ಕದ ಬೇಕರಿ ಮುಂದೆ ನಿಂತು, ಬೈಟು ಟೀ ಹಿಡಿದು, ಮ್ಯಾನೇಜರ್‌ನ ಬೈಯುವುದಕ್ಕೆ ನೆಪ. ಸಿಗರೇಟಿಗಿಂತ ಆ ಬೇಕರಿ ಬಿಡುವುದೇ ಕಷ್ಟ ಆಯಿತು.

1800-11-2356ಕ್ಕೆ ಫೋನ್ ಮಾಡು. ದುಡ್ಡಿಲ್ಲ. ಹೊಗೆಸೊಪ್ಪು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಅದು, ನಮ್ಮ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಬೈಯುತ್ತಾರೆ ಅಂದುಕೊಂಡು ಫೋನ್ ಮಾಡಿದ್ದೆ. ಆ ಹುಡುಗಿ "ಯಾವ ದಿನ ಬಿಡಬೇಕು ಅಂತ ಇದ್ದೀರಾ ಸಾರ್" ಎಂದು ಕೇಳಿದಳು, ಅಷ್ಟೇ. ಮದುವೆ ಮುಹೂರ್ತ ಇಡುವ ಹಾಗೆ ದಿನ ಗೊತ್ತು ಮಾಡಿದೆವು. ಆಮೇಲೆ ಅವರೇ ಮತ್ತೆ ಮತ್ತೆ ಫೋನ್ ಮಾಡಿದರು.

ಮೆಡಿಕಲ್ ಶಾಪಿನಲ್ಲಿ 2 ಮಿ.ಗ್ರಾಂ. ನಿಕೋಟಿನ್ ಗಮ್ಮು ಸಿಗುತ್ತದೆ, ಚೀಟಿ ಬೇಡ. 4ಕ್ಕೆ ಡಾಕ್ಟರ್ ಚೀಟಿ ಬೇಕು. ನಾನು ಮೊದಲ ವಾರ ಅದನ್ನ ಬಬಲ್ ಗಮ್ ಥರ ಜಗಿದು ಬಿಕ್ಕಳಿಕೆ ಬಂದು ಒದ್ದಾಡಿದೆ.

ರಾತ್ರಿಪಾಳಿ · 4:40

ಎಲ್ಲರೂ ಮಾಡುವ ತಪ್ಪು ಅದು ಮಾವ. ನಿಧಾನಕ್ಕೆ ಜಗಿಯಬೇಕು. ಮೆಣಸು ಕಚ್ಚಿದ ಹಾಗೆ ಖಾರ ಬಂದ ತಕ್ಷಣ ನಿಲ್ಲಿಸಿ ಕೆನ್ನೆಯ ಸಂದಿಗೆ ತಳ್ಳಿಬಿಡಬೇಕು, ಎಲೆ ಅಡಿಕೆ ಒತ್ತರಿಸಿಕೊಳ್ಳುವ ಹಾಗೆ. ಖಾರ ಇಳಿದ ಮೇಲೆ ಮತ್ತೆ ನಾಲ್ಕು ಸಲ ಜಗಿ, ಬೇರೆ ಕಡೆಗೆ ತಳ್ಳು. ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಕೆನ್ನೆಯಿಂದ, ಹೊಟ್ಟೆಯಿಂದ ಅಲ್ಲ. ಕಾಫಿ ಕುಡಿದು ಕಾಲು ಗಂಟೆ ಬಿಟ್ಟು ಹಾಕಿಕೊಳ್ಳಿ. ಕಾಫಿಯ ಹುಳಿಗೆ ಅದು ಸರಿಯಾಗಿ ಹೀರುವುದಿಲ್ಲ. ಬೆಂಗಳೂರಿನವರಿಗೆ ಗಮ್ಮು ಕೆಲಸ ಮಾಡಲಿಲ್ಲ ಅನ್ನುವ ದೂರಿನಲ್ಲಿ ಅರ್ಧ ಈ ಫಿಲ್ಟರ್ ಕಾಫಿಯದ್ದೇ ಎಂದು ನನಗೆ ಅನುಮಾನ. ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನ ಕೇಳಿ.

ಆರನೇ_ಬ್ಲಾಕ್ · ಮುಂದಿನ ಶನಿವಾರ ಸಂಜೆ 6:22

ಅಪ್‌ಡೇಟ್ ಕೊಡುತ್ತೇನೆ. ಪಕ್ಕದ ರಸ್ತೆಯ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ತಂದೆ. ಚೆನ್ನಾಗಿರುವ ಶೆಲ್ಲು 3.71 ವೋಲ್ಟು. ಹರಿದದ್ದು 1.84. ಭಾವನಿಗೆ ಫೋನ್ ಮಾಡಿದೆ. ಮೊದಲು "ಅಯ್ಯೋ ಅಲ್ಲೇ ಬಿಟ್ಟೆನಾ" ಎಂದರು, ಆಮೇಲೆ ದನಿ ತಗ್ಗಿಸಿ "ಅಕ್ಕನಿಗೆ ಹೇಳಬೇಡ, ಬಿಟ್ಟಿದ್ದೀನಿ ಅಂದಿದ್ದೆ" ಎಂದರು. ನಮ್ಮ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಇದೇ ಹೇಳಿಕೊಂಡು ಬದುಕುತ್ತಿದ್ದೇವೆ ಅನ್ನಿಸಿತು.

1.84ರದ್ದನ್ನ ನಿಧಾನಕ್ಕೆ ಚಾರ್ಜ್ ಮಾಡಿದರೆ ಬರುತ್ತದಾ ಸೀನಣ್ಣ? ಹೊಸದರ ಥರ ಇದೆ, ಬಿಸಾಡಲು ಮನಸ್ಸಿಲ್ಲ.

ಸೋಲ್ಡರ್_ಸೀನ · 6:50

ಬರಬಹುದು. ಬಂದರೂ ಬೇಡ. 2.5ಕ್ಕಿಂತ ಕೆಳಗೆ ಹೋಗಿ ದಿನಗಟ್ಟಲೆ ಕೂತ ಶೆಲ್ಲಿನೊಳಗೆ ತಾಮ್ರದ ಹಾಳೆ ಕರಗಲು ಶುರುವಾಗಿರಬಹುದು. ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಹೋಗಿ ಕೂರುತ್ತದೆ, ಒಳಗೊಳಗೇ ಶಾರ್ಟು. ಹೊರಗಿನಿಂದ ಏನೂ ಕಾಣುವುದಿಲ್ಲ. ಹರಿದಿರುವುದು ಬರೀ ಪ್ಲಾಸ್ಟಿಕ್ ಆಗಿದ್ದರೆ ಹೊಸ ತೊಗಲು ಹಾಕಿಕೊಡುತ್ತಿದ್ದೆ. ಕೊಳವೆ ಥರ ಪಿವಿಸಿ ಹಾಳೆ ಬರುತ್ತದೆ, ಶೆಲ್ಲನ್ನು ಒಳಗೆ ತೂರಿಸಿ ಹೇರ್ ಡ್ರೈಯರ್ ಹಿಡಿದರೆ ಹಪ್ಪಳ ಮುದುಡಿದ ಹಾಗೆ ಮುದುಡಿ ಗಪ್ಪನೆ ಹಿಡಿದುಕೊಳ್ಳುತ್ತದೆ. ಬಿಳಿ ರಿಂಗು ಮರೆಯದೆ ಹಾಕಬೇಕು ಅಷ್ಟೇ. ಆದರೆ 1.84ಕ್ಕೆ ಹೊಸ ಬಟ್ಟೆ ತೊಡಿಸಿ ಪ್ರಯೋಜನ ಇಲ್ಲ.

3.71ರದ್ದು ಇಟ್ಟುಕೊಳ್ಳುವುದಾದರೆ ಹಾಗೇ ಇಡಿ, ತುಂಬ ದಿನ ಇಡಲು ಅದೇ ಒಳ್ಳೆ ಮಟ್ಟ. ಟಾರ್ಚಿಗೆ ಹಾಕುವುದಾದರೆ 4.2ಕ್ಕೆ ತಾನೇ ನಿಲ್ಲಿಸುವ ಒಳ್ಳೆ ಚಾರ್ಜರ್ ಕೊಳ್ಳಿ, ಎಚ್ಚರ ಇರುವಾಗ ಮಾತ್ರ ಚಾರ್ಜ್ ಮಾಡಿ. ರಾತ್ರಿ ಹಾಕಿ ಮಲಗುವ ಚಾಳಿ ಬೇಡ. ಅಕಸ್ಮಾತ್ ಬುಸ್ ಎಂದು ಹೊಗೆ ಬಂದರೆ ಕೈಯಲ್ಲಿ ಹಿಡಿಯಲು ಹೋಗಬೇಡಿ, ಆ ಹೊಗೆ ಕುಡಿಯಬೇಡಿ. ದೂರ ನಿಂತು ಬಕೆಟ್‌ಗಟ್ಟಲೆ ನೀರು.

ಕೆಟ್ಟದ್ದನ್ನ ಟೇಪು ತೆಗೆಯದೆ ಇ-ವೇಸ್ಟಿಗೆ ಕೊಡಿ. ಒಣ ಕಸದ ಜೊತೆ ಹಾಕಬೇಡಿ, ಲಾರಿಯಲ್ಲಿ ಒತ್ತಿದಾಗ ಹೊತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂದ ಮೇಲೆ ಮನೆ ಕಸದಲ್ಲಿ ಬೆರೆಸುವ ಹಾಗೂ ಇಲ್ಲ. ನಮ್ಮ ದಾಬಸ್‌ಪೇಟೆ ಕಡೆ ಇ-ಪರಿಸರ ಎಂಬ ಕಾರ್ಖಾನೆ ಇದೆ, ದೇಶದಲ್ಲೇ ಮೊದಲು ಶುರುವಾದ ಇ-ವೇಸ್ಟ್ ಘಟಕಗಳಲ್ಲಿ ಅದೂ ಒಂದು. ಅಷ್ಟು ದೂರ ಹೋಗಬೇಕಿಲ್ಲ, ಅಪಾರ್ಟ್‌ಮೆಂಟುಗಳಲ್ಲಿ ಇ-ವೇಸ್ಟ್ ಡಬ್ಬ ಇಟ್ಟಿರುತ್ತಾರೆ, ವಿಚಾರಿಸಿ.

ಆರನೇ_ಬ್ಲಾಕ್ · ಅದರ ಮುಂದಿನ ಬುಧವಾರ ರಾತ್ರಿ 9:05

ಕಿಟ್ಟು, ಸತ್ತ ಶೆಲ್ಲು ಎರಡೂ ಸ್ನೇಹಿತನ ಅಪಾರ್ಟ್‌ಮೆಂಟಿನ ಇ-ವೇಸ್ಟಿಗೆ ಹೋದವು. ಸೆಕ್ಯೂರಿಟಿ ಅಣ್ಣ ಕಿಟ್ಟನ್ನ ತಿರುಗಿಸಿ ತಿರುಗಿಸಿ ನೋಡಿ "ಇದು ಮಿಕ್ಸಿ ಪಾರ್ಟಾ" ಎಂದು ಕೇಳಿದರು. ಬಾಟಲಿಯನ್ನ ಬೇರೆ ಕಟ್ಟಿ ಕೊಟ್ಟೆ. ಮಂಗಳವಾರ ಸಹಾಯವಾಣಿಗೆ ಫೋನ್ ಮಾಡಿದೆ. ದಿನ ಗೊತ್ತಾಗಿದೆ, ಮುಂದಿನ ತಿಂಗಳ ಮೊದಲ ಸೋಮವಾರ. ಅಷ್ಟರೊಳಗೆ ಒಂಬತ್ತನ್ನ ಐದಕ್ಕೆ ಇಳಿಸಬೇಕಂತೆ. ಇವತ್ತು ಏಳು.

ಬಿಸಿಬೇಳೆ_ಮಾವ · 9:12

ಭೇಷ್. ಸೋಮವಾರ ನಾನೂ ಫೋನ್ ಮಾಡುತ್ತೇನೆ, ಎತ್ತು. ಅದಿರಲಿ, ಆ ಸ್ಟೀಲ್ ಡಬ್ಬಿಯಲ್ಲಿ ಈಗ ಏನಿದೆ?

ಆರನೇ_ಬ್ಲಾಕ್ · 9:20

ಗಮ್ಮು ತಂದಿದ್ದೆ, ಯಾರೂ ನೋಡುವುದಿಲ್ಲ ಎಂದು ಅದರೊಳಗೆ ಇಟ್ಟೆ. ಸಂಜೆ ಬಂದು ನೋಡಿದರೆ ಅಮ್ಮ ಮುಚ್ಚಳ ತೆಗೆದುಕೊಂಡು ನಿಂತಿದ್ದಾರೆ, ಪಕ್ಕದ ಮನೆ ಪುಟ್ಟಿಗೆ ಒಂದು ಚೂಯಿಂಗ್ ಗಮ್ ಕೊಡೋಣ ಅಂತ. ಕೈಯಿಂದ ಕಿತ್ತುಕೊಂಡೆ. ಆಮೇಲೆ ಯಾಕೆ ಎಂದು ಹೇಳಲೇಬೇಕಾಯಿತು. ಅಮ್ಮ ಐದು ನಿಮಿಷ ಮಾತಾಡಲಿಲ್ಲ. ಕೊನೆಗೆ "ನಿಮ್ಮ ಭಾವಂದೂ ಟಾರ್ಚ್ ಶೆಲ್ ಅಲ್ಲ ಅನ್ನು ಹಾಗಾದ್ರೆ" ಎಂದರು.

ಗಮ್ಮು ಈಗ ಬೀರುವಿನ ಮೇಲಿದೆ. ಅಕ್ಕನ ಫೋನ್ ಬರುತ್ತಿದೆ, ಅಮ್ಮನೇ ಎತ್ತಿದರು. ಆಮೇಲೆ ಬರುತ್ತೇನೆ.